ಅಕ್ಕನ ಕಾರಿನ ಅಮ್ಮೀಟರು

ಯಾರ ಕಾರಿನಲ್ಲಿ ಕೂತರೂ ನನಗೊಂದು ಚಾಳಿ. ಸೀಟು ಮೆತ್ತಗಿದೆಯೇ, ಗಾಳಿ ತಣ್ಣಗೆ ಬರುತ್ತದೆಯೇ ಎಂದೆಲ್ಲ ನೋಡುವುದಿಲ್ಲ. ಕತ್ತು ಉದ್ದ ಮಾಡಿ ಸ್ಟೇರಿಂಗಿನ ಹಿಂದಕ್ಕೆ ಇಣುಕುತ್ತೇನೆ. ಅಲ್ಲಿ ಅಮ್ಮೀಟರು ಇದೆಯೇ? ಇರುವುದಿಲ್ಲ. ಈಗಿನ ಕಾರುಗಳಲ್ಲಿ ಅದರ ಜಾಗದಲ್ಲಿ ಏನೇನೋ ಬಣ್ಣದ ಚಿತ್ರಗಳು ಹೊಳೆಯುತ್ತವೆ. ಇಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ಒಂಥರಾ ಸಮಾಧಾನ. ಅಕ್ಕನ ಕಾರಿನಲ್ಲಿ ಇರುವುದು ಇವರ ಹತ್ತಿರವೂ ಇಲ್ಲ ಎಂದರೆ, ಇವರೂ ನನ್ನ ಹಾಗೆ ಬಡಪಾಯಿಗಳೇ ತಾನೇ?

ಅಮ್ಮೀಟರು ಎಂದರೆ ಏನು ಎಂದು ನೀವು ಕೇಳಲಿಲ್ಲ. ಆದರೆ ನಾನು ತುರುವೇಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಕೇಳದವರಿಗೆ ಹೇಳುವುದೇ ನನ್ನ ಕಸುಬಾಗಿತ್ತು. ತಂತಿಯಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಪುಟ್ಟ ಮೀಟರು ಅದು. ಹಳೇ ಕಾರುಗಳಲ್ಲಿ ಅದರ ನಡುವೆ ಸೊನ್ನೆ, ಎಡಕ್ಕೆ ಕಳೆಯುವ ಗುರುತು, ಬಲಕ್ಕೆ ಕೂಡುವ ಗುರುತು. ಎಂಜಿನ್ನು ನಿಲ್ಲಿಸಿ ದೀಪ ಹಾಕಿದರೆ ಬ್ಯಾಟರಿಯಿಂದ ಖರ್ಚು. ಮುಳ್ಳು ಎಡಕ್ಕೆ ವಾಲುತ್ತದೆ. ಎಂಜಿನ್ನು ಓಡಿ ಡೈನಮೋ ತಿರುಗಿದರೆ ಬ್ಯಾಟರಿಗೆ ಜಮಾ, ಮುಳ್ಳು ಬಲಕ್ಕೆ. ಇಷ್ಟೇ ಅದರ ಸಂಸಾರ. ಇಷ್ಟು ಸಣ್ಣ ವಸ್ತುವಿನ ಮೇಲೆ ಒಬ್ಬ ಹೆಂಗಸು ಬಾಲ್ಯದಿಂದ ಮೊಣಕಾಲು ನೋಯುವ ವಯಸ್ಸಿನವರೆಗೂ ಹೊಟ್ಟೆಕಿಚ್ಚು ಪಟ್ಟಳು ಎಂದರೆ ನಂಬುತ್ತೀರಾ?

ಅಪ್ಪನಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇತ್ತು. ತೋಟದಿಂದ ತೋಟಕ್ಕೆ ಓಡಾಡಲು ಒಂದು ಅಂಬಾಸಡರ್ ಇಟ್ಟಿದ್ದರು. ಗಿರಿಜಕ್ಕ ಮತ್ತು ನಾನು, ಇಬ್ಬರೇ ಮಕ್ಕಳು. ಅಕ್ಕನಿಗೆ ಹಿಂದೆ ಕೂತರೆ ವಾಂತಿ ಬರುತ್ತಿತ್ತಂತೆ. ಹಾಗಾಗಿ ಅವಳು ಯಾವಾಗಲೂ ಮುಂದೆ, ಅಪ್ಪನ ಪಕ್ಕ. ನಾನು ಹಿಂದೆ, ಅಮ್ಮನ ಪಕ್ಕ, ತೊಡೆಯ ಮೇಲೊಂದು ಕೊಬ್ಬರಿ ಚೀಲ. ಉಂಡೆ ಕೊಬ್ಬರಿಯ ಆ ಎಣ್ಣೆ ಎಣ್ಣೆ ವಾಸನೆಗೆ ಪೆಟ್ರೋಲಿನ ವಾಸನೆ ಸೇರಿದರೆ ಯಾರಿಗೆ ತಾನೇ ವಾಂತಿ ಬಾರದು? ನನಗೇ ಬರುತ್ತಿರಲಿಲ್ಲ, ಅದು ನನ್ನ ಕರ್ಮ. ಒಂದು ಸಲ ಹಾಲ್ಕುರಿಕೆಯ ಮಠಕ್ಕೆ ಹೋಗುವಾಗ ನಾನೂ ಬಾಯಿಗೆ ಕೈ ಅಡ್ಡ ಹಿಡಿದು ಜೋರಾಗಿ ಓಕರಿಸಿದೆ. ಅಪ್ಪ ಕಾರು ನಿಲ್ಲಿಸಿದರು. ನನ್ನನ್ನು ಕೆಳಗಿಳಿಸಿ, ಬೆನ್ನು ನೀವಿ, ನಿಂಬೆಹಣ್ಣು ಮೂಸಿಸಿ, ಮುಖ ತೊಳೆಸಿದರು. ಆಮೇಲೆ ಜೋಪಾನವಾಗಿ ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲೇ ಕೂರಿಸಿದರು.

ಅಷ್ಟಾಗಿದ್ದರೂ ಸಹಿಸಬಹುದಿತ್ತು. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಆಗಾಗ ಕೇಳುತ್ತಿದ್ದರು, "ಗಿರಿಜಾ, ಮುಳ್ಳು ಎಲ್ಲೈತೆ ಮಗಾ?"

ಅಕ್ಕ ದೊಡ್ಡ ಅಧಿಕಾರಿಯ ಹಾಗೆ ಬಗ್ಗಿ ನೋಡಿ, "ಬಲಕ್ಕೈತೆ ಅಪ್ಪ" ಎನ್ನುತ್ತಿದ್ದಳು.

"ಹಂಗಾದ್ರೆ ಬುಡು, ಪರವಾಗಿಲ್ಲ" ಎಂದು ಅಪ್ಪ ನಿಶ್ಚಿಂತರಾಗುತ್ತಿದ್ದರು. ನನ್ನನ್ನು ಮುಳ್ಳು ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಹಿಂದಿನಿಂದ ಕತ್ತು ಚಾಚಿ ಚಾಚಿ, ಅಕ್ಕನ ಎರಡು ಜಡೆಗಳ ಸಂದಿಯಲ್ಲಿ ಆ ಗಾಜಿನ ಮುಖವನ್ನು ನೋಡುತ್ತಿದ್ದೆ. ಕತ್ತು ಚಾಚುವ ಚಾಳಿ ಆಗ ಅಂಟಿಕೊಂಡದ್ದು.

ದೊಡ್ಡವರಾದ ಮೇಲೆ ನನ್ನನ್ನು ಮೈಸೂರಿಗೆ ಓದಲು ಕಳಿಸಿದರು. ಅಕ್ಕನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಅಮ್ಮನಿಗೆ ಆಗ ಆರೋಗ್ಯ ಸರಿಯಿರಲಿಲ್ಲ, ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಇನ್ನೊಬ್ಬರಿಗೆ ಕಾರು ಬರಬೇಕಿತ್ತು. ಅಪ್ಪ ಅಕ್ಕನನ್ನು ನೀರಿಲ್ಲದ ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋಗಿ ಕಾರು ಕಲಿಸಿದರು. ನಾನು ಮೊದಲ ರಜಕ್ಕೆ ಬಂದಾಗ, ತಿಪಟೂರು ಸ್ಟೇಷನ್ನಿನ ಹೊರಗೆ ಹಾರನ್ನು ಕೇಳಿಸಿತು. ನೋಡಿದರೆ ಅಕ್ಕ, ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು ಕೂತಿದ್ದಾಳೆ! ಟಾಂಗಾದವರು, ಹಮಾಲಿಗಳು, ಕಾಲೇಜು ಹುಡುಗರು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೈಸೂರಿನಿಂದ ಹೊಸ ಸೀರೆ ಉಟ್ಟು, ಇಸ್ತ್ರಿ ಕೆಡದ ಹಾಗೆ ರೈಲಿನಲ್ಲಿ ನಿಂತೇ ಬಂದಿದ್ದ ನನ್ನನ್ನು ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ನನ್ನ ಟ್ರಂಕನ್ನು ನಾನೇ ಡಿಕ್ಕಿಗೆ ಎತ್ತಿಟ್ಟೆ.

ಅಪ್ಪ ತೀರಿಹೋಗುವ ಮುಂಚೆ ಆಸ್ತಿ ಹಂಚಿಕೆ ಮಾಡಿದ್ದರು. ದಬ್ಬೇಘಟ್ಟದ ಕಡೆ ನಾಲೆ ನೀರು ಹಾಯುವ ಗದ್ದೆ ನನಗೆ ಬಂತು. ಕಾರು ಶೆಟ್ಟಿಕೆರೆಗೆ, ಅಕ್ಕನ ಮನೆಗೆ ಹೋಯಿತು. "ನಿಂಗೇ ಒಳ್ಳೇದು ಸಿಕ್ತು ಕಣಮ್ಮ" ಎಂದು ಬಂಧುಗಳೆಲ್ಲ ನನಗೆ ಹೇಳಿದರು. ಇರಬಹುದು. ಆದರೆ ಗದ್ದೆಯನ್ನು ಬಸ್‌ಸ್ಟ್ಯಾಂಡಿನ ಮುಂದೆ ಓಡಿಸಿಕೊಂಡು ಹೋಗಲು ಬರುವುದಿಲ್ಲವಲ್ಲ.

ಅಕ್ಕ ಓಡಿಸಿದಳು. ಮದುವೆ, ಮುಂಜಿ, ಸಾವು, ನೋವು, ಎಲ್ಲಕ್ಕೂ ಅದರಲ್ಲೇ. ಭಾವನಿಗೆ ಸೈಕಲ್ಲು ಬಿಟ್ಟರೆ ಏನೂ ಬರದು. ಅವರು ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಕೂತಿರುತ್ತಾರೆ. ಕೂದಲು ಬೆಳ್ಳಗಾದ ಮೇಲಂತೂ ಅಕ್ಕನ ಖ್ಯಾತಿ ಇನ್ನೂ ಏರಿತು. ಯಾರೋ ಅವಳು ಕಾರು ತೊಳೆಯುವ ವಿಡಿಯೋ ಮಾಡಿ ಬಿಟ್ಟು, ಅದು ಸುತ್ತಾಡಿ ಸುತ್ತಾಡಿ ನನ್ನ ಫೋನಿಗೇ ಬಂತು. "ಇವರು ನಿಮ್ಮ ಅಕ್ಕ ಅಂತೆ, ಹೌದಾ ಮೇಡಂ?" ಎಂದು ನನ್ನ ಹಳೇ ವಿದ್ಯಾರ್ಥಿಗಳು ಕೇಳಿದರು. ಹೌದು ಎಂದು ಹೇಳಿ, ಒಂದು ಹೂವಿನ ಚಿತ್ರ ಕಳಿಸಿ, ಫೋನನ್ನು ಮಗುಚಿಟ್ಟೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ಅಕ್ಕನ ಫೋನು ಬಂತು.

"ಪುಟ್ಟೀ, ಅಪ್ಪನ ಕಾರಿನ ಮುಳ್ಳಿಗೆ ಏನೋ ಆಗೈತೆ ಕಣೇ. ಒಂದೊಂದ್ಸಲ ಹುಚ್ಚು ಹಿಡ್ದಂಗೆ ಕುಣೀತದೆ, ಒಂದೊಂದ್ಸಲ ಸತ್ತಂಗೆ ಬಿದ್ದಿರ್ತದೆ. ಮೊನ್ನೆ ಹಾಲ್ಕುರಿಕೆ ತಾವ ನಡುರಸ್ತೇಲಿ ಗಾಡಿನೇ ನಿಂತೋಯ್ತು. ಜನ ತಳ್ಳಿದ್ರು."

ಜನ ತಳ್ಳಿದರು ಎಂಬ ಮಾತು ಕೇಳಿ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಅಯ್ಯೋ ಪಾಪ ಎಂದು ಬಾಯಲ್ಲಿ ಹೇಳುತ್ತಲೇ, "ತುಂಬಾ ಜನ ಇದ್ರಾ?" ಎಂದು ಕೇಳಿದೆ.

"ತಿಪಟೂರಿನ ಮೆಕ್ಯಾನಿಕ್ಕು ಒಬ್ಬ, ಮೀಟ್ರು ಕಿತ್ತಾಕಿ ಎರಡು ವೈರೂ ಜೋಡಿಸಿಬುಡ್ತೀನಿ ಅಂತಾನೆ. ಇನ್ನೊಬ್ಬ ಇಡೀ ವೈರಿಂಗೇ ಬದಲಾಯಿಸ್ಬೇಕು ಅಂತಾನೆ. ನಂಗೆ ಎರಡೂ ಮನಸ್ಸಿಲ್ಲ. ನೀನು ಮಕ್ಳಿಗೆ ಇದನ್ನೇ ತಾನೇ ಪಾಠ ಮಾಡಿದ್ದು? ಒಂದ್ಸಲ ಬಂದು ನೋಡೇ."

ಅಕ್ಕ ನನ್ನನ್ನು ಯಾವುದಕ್ಕಾದರೂ ಕರೆದದ್ದು ಇದೇ ಮೊದಲು. ಸ್ಕೂಟರಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ ಒಂದು ಪರೀಕ್ಷೆಯ ದೀಪ ಮಾಡಿಕೊಂಡೆ. ಉಪ್ಪುಕಾಗದ, ಸ್ಪ್ಯಾನರು, ಟಾರ್ಚು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ತಿಪಟೂರಿಗೆ ಬಂದು ಶೆಟ್ಟಿಕೆರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಕೆಟ್ಟದ್ದೇನು ಎಂದು ಅಕ್ಕನಿಗೆ ಹೇಗೆ ವಿವರಿಸಬೇಕು, ಎಲ್ಲಿ ಸ್ವಲ್ಪ ನಿಲ್ಲಿಸಬೇಕು, ಎಲ್ಲಿ ಕನ್ನಡಕ ತೆಗೆಯಬೇಕು ಎಂದು ಅಭ್ಯಾಸ ಮಾಡಿಕೊಂಡೆ.

ತೋಟದ ಬಾಗಿಲಲ್ಲೇ ಭಾವ ಸಿಕ್ಕರು. ದನಿ ತಗ್ಗಿಸಿ ಹೇಳಿದರು, "ಚೆನ್ನಾಗಿ ನೋಡಮ್ಮ. ಮೈಸೂರಿಂದ ಹಳೇ ಕಾರು ಕೂಡಿಡೋ ಆಸಾಮಿ ಒಬ್ಬ ಬಂದು ಕೇಳ್ಕೊಂಡು ಹೋಗವ್ನೆ. ಮೊನ್ನೆ ಗಾಡಿ ನಿಂತಾಗ ಹಿಂದ್ಗಡೆ ಎಳನೀರು ಲಾರಿ ಬತ್ತಿತ್ತು, ಒಂದು ಮಾರಲ್ಲಿ ಬ್ರೇಕು ಹಾಕ್ದ. ಆವತ್ತಿಂದ ನಿಮ್ಮಕ್ಕಂಗೆ ಹೆದರಿಕೆ. ಪುಟ್ಟಿ ಕೈಲೂ ಆಗ್ನಿಲ್ಲ ಅಂದ್ರೆ ಕೊಟ್ಬುಡ್ತೀನಿ ಅಂತ ಅವ್ನಿಗೆ ಮಾತು ಕೊಟ್ಟವ್ಳೆ."

ಅಂದರೆ ಅಪ್ಪನ ಕಾರು ಉಳಿಯುವುದೂ ಹೋಗುವುದೂ ನನ್ನ ಒಂದು ಮಾತಿನ ಮೇಲೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ಎದೆ ಮಾತ್ರ ಬೇರೆ ಏನೋ ಹೇಳುತ್ತಿತ್ತು.

ಕಾರು ಕೊಬ್ಬರಿ ಅಟ್ಟದ ಪಕ್ಕದ ಹೆಂಚಿನ ಚಾವಡಿಯಲ್ಲಿ ನಿಂತಿತ್ತು. ಅಕ್ಕ ಅದನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾಳೆಂದರೆ ಹೊಟ್ಟೆ ಉರಿಯಿತು. ದೀಪ ಹಾಕು ಎಂದೆ, ಹಾಕಿದಳು. ದೀಪಗಳು ಮಂಕಾಗಿ ಕೆಂಪಗೆ ಉರಿದವು, ಮುಳ್ಳು ಹೆಸರಿಗೆ ಮಾತ್ರ ಮಿಸುಕಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಸೀಟಿನಲ್ಲಿ ಕಾಲಿಡುವ ಜಾಗಕ್ಕೆ ಒಂದು ಗೋಣಿ ಹಾಸಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿದೆ. ಈ ವಯಸ್ಸಿನಲ್ಲಿ ಅದೊಂದು ಸಾಹಸ. ಕಾಲೆರಡೂ ಬಾಗಿಲಿನಿಂದ ಹೊರಗಿದ್ದವು. ಭಾವ ಅಭ್ಯಾಸಬಲದಿಂದ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಅಕ್ಕ ಬಗ್ಗಿ ಟಾರ್ಚು ಹಿಡಿದಳು.

ಅಮ್ಮೀಟರಿನ ಬೆನ್ನಿಗೆ ಎರಡು ತಿರುಪು ಕಡ್ಡಿಗಳು, ಒಂದಕ್ಕೆ ಬ್ಯಾಟರಿಯಿಂದ ಬರುವ ತಂತಿ, ಇನ್ನೊಂದರಿಂದ ಕಾರಿನ ಉಳಿದೆಲ್ಲದಕ್ಕೂ ಹೋಗುವ ತಂತಿ. ಪರೀಕ್ಷೆಯ ದೀಪದ ಒಂದು ತುದಿಯನ್ನು ಕಾರಿನ ಮೈಗೆ ಕಚ್ಚಿಸಿ, ಇನ್ನೊಂದನ್ನು ಬ್ಯಾಟರಿ ತಂತಿಯ ತುದಿಗೆ ಮುಟ್ಟಿಸಿದೆ. ಬಲ್ಬು ಝಗ್ಗೆಂದಿತು. ಅದೇ ತಂತಿ ಸಿಕ್ಕಿಸಿದ್ದ ಕಡ್ಡಿಗೆ ಮುಟ್ಟಿಸಿದೆ. ಮಿಣುಕ್ ಎಂದಿತು. ಎರಡಕ್ಕೂ ನಡುವೆ ಒಂದು ನೆಟ್ಟು ಮಾತ್ರ ಇತ್ತು. ಬೆರಳಿನಿಂದ ಮುಟ್ಟಿದರೆ ಆ ನೆಟ್ಟು ಅಜ್ಜಿಯ ಹಲ್ಲಿನ ಹಾಗೆ ಅಲ್ಲಾಡಿತು. ಸಡಿಲವಾಗಿ, ಕಿಡಿ ಹಾರಿ ಹಾರಿ, ತಂತಿಯ ತುದಿ ಕರ್ರಗೆ ಸುಟ್ಟಿತ್ತು. ಇಷ್ಟೇ ರೋಗ. ಮೀಟರು ಗಟ್ಟಿಯಾಗಿತ್ತು, ಡೈನಮೋ ಗಟ್ಟಿಯಾಗಿತ್ತು, ವೈರಿಂಗೂ ಗಟ್ಟಿಯಾಗಿತ್ತು. ತುದಿ ಕತ್ತರಿಸಿ, ಉಜ್ಜಿ, ನೆಟ್ಟು ಬಿಗಿದರೆ ಮುಗಿಯಿತು.

"ಏನಾದ್ರೂ ಕಾಣ್ತದೇನೇ?" ಅಕ್ಕ ಕೇಳಿದಳು.

ಆಗ ನನಗೆ ಎಂಥ ಬುದ್ಧಿ ಬಂತು ನೋಡಿ. ಎಲ್ಲ ಸುಟ್ಟುಹೋಗಿದೆ ಎಂದುಬಿಟ್ಟರೆ? ಕಾರು ಮೈಸೂರಿಗೆ ಹೋಗುತ್ತದೆ. ಆಮೇಲೆ ಅದು ಅಕ್ಕನದೂ ಅಲ್ಲ, ನನ್ನದೂ ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನನ್ನನ್ನು ನಿಲ್ಲಿಸಿ ನಿಮ್ಮಕ್ಕನ್ನ ನೋಡಿದೆ ಎಂದು ಕಣ್ಣರಳಿಸುವುದಿಲ್ಲ. ಅಕ್ಕನೂ ನನ್ನ ಹಾಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಾಳೆ. ಆ ಕತ್ತಲಲ್ಲಿ ಧೂಳು ಕುಡಿಯುತ್ತಾ ಬಿದ್ದಿದ್ದ ನನಗೆ ಆ ದೃಶ್ಯ ಎಷ್ಟು ಸೊಗಸಾಗಿ ಕಂಡಿತೆಂದರೆ, ನಾಲಗೆ ತಾನಾಗಿಯೇ ಹೊರಳಿತು.

"ಏನೂ ಕಾಣ್ತಿಲ್ಲ ಕಣಕ್ಕ. ಎಲ್ಲಾ ಕರಕಲು."

ಟಾರ್ಚಿನ ಬೆಳಕು ಸ್ವಲ್ಪ ಕೆಳಗಿಳಿಯಿತು.

"ಬುಡು ಹೋಗ್ಲಿ" ಎಂದಳು ಅಕ್ಕ. "ನಂಗೆ ಇದೊಂದೇ ಬತ್ತಿದ್ದಿದ್ದು ಕಣೇ. ಅಪ್ಪ ನಿನ್ನ ಮೈಸೂರಿಗೆ ಓದಕ್ಕೆ ಕಳಿಸಿದ್ರು, ನನ್ನ ಇದರ ಸ್ಟೇರಿಂಗಿಗೆ ಕಟ್ಟಾಕಿದ್ರು. ಮೊದಲ್ನೇ ರಜ ಮುಗಿದ ಮೇಲೆ ನಿನ್ನ ರೈಲು ಹತ್ತಿಸಿದ್ವಲ್ಲ, ಅಪ್ಪ ಮಂಡಿ ತಾವ ಇಳಕೊಂಡ್ರು. ನಾನು ಒಬ್ಳೇ ಕಾರು ತಿರುಗಿಸ್ಕೊಂಡು ಹೋಗಿ ಕೆರೆ ಏರಿ ಮೇಲೆ ನಿಲ್ಲಿಸಿ ಅತ್ತೆ. ಯಾರಿಗೂ ಹೇಳಿಲ್ಲ."

"ಯಾಕೆ ಅತ್ತೆ?"

"ಯಾಕೆ ಅಂದ್ರೆ? ಹೊಟ್ಟೆಕಿಚ್ಚಿಗೆ! ನಿನ್ನ ಕಂಡ್ರೆ ಎಷ್ಟು ಉರೀತಿದ್ದೆ ಗೊತ್ತಾ? ರಜಕ್ಕೆ ಬಂದು ಅದೇನೋ ಆಮ್ಲಜನಕ, ಜಲಜನಕ ಅಂತ ಅಪ್ಪನ ಹತ್ರ ಮಾತಾಡೋಳು. ಅಪ್ಪ ಬಾಯಿ ಬಿಟ್ಕೊಂಡು ಕೇಳೋರು. ನನ್ನ ಜೊತೆ ಅಪ್ಪ ಆಡ್ತಿದ್ದ ಮಾತು ಏನು ಹೇಳು? ಗೇರು ಹಾಕು, ಬ್ರೇಕು ಒತ್ತು."

ಹೊಟ್ಟೆಕಿಚ್ಚು ನನ್ನ ಸ್ವಂತ ಆಸ್ತಿ, ನಮ್ಮ ಮನೆಯಲ್ಲಿ ಅದನ್ನು ಅನುಭವಿಸಿದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದರಲ್ಲೂ ಅಕ್ಕ ಪಾಲು ಕೇಳುತ್ತಿದ್ದಾಳೆ! ಮರುಕ ಬರಬೇಕಿತ್ತು, ಬಂದದ್ದು ಕೋಪ.

"ನಿಂಗೇನೇ ಕಮ್ಮಿಯಾಗಿತ್ತು?" ಎಂದು ಡ್ಯಾಶ್‌ಬೋರ್ಡಿನ ಅಡಿಯಿಂದಲೇ ಕೂಗಿದೆ. "ಮುಂದಿನ ಸೀಟು ನಿಂದು! ಅಪ್ಪ ಮುಳ್ಳು ಎಲ್ಲೈತೆ ಅಂತ ಒಂದು ದಿನಕ್ಕಾದ್ರೂ ನನ್ನ ಕೇಳಿದ್ರಾ? ಜೀವಮಾನವೆಲ್ಲಾ ಅದನ್ನೇ ಪಾಠ ಮಾಡ್ದೆ ಕಣೇ ನಾನು, ಯಾರಾದ್ರೂ ಕೇಳ್ಲಿ ಅಂತ!"

"ಸೀಟಿಗೆ ಅಳ್ತೀಯಲ್ಲೇ ಈ ವಯಸ್ಸಲ್ಲಿ! ನಂಗೆ ಒಂದು ಇಂಗ್ಲೀಷ್ ಪೇಪರು ಓದಕ್ಕೆ ಬರಲ್ಲ!"

"ನಂಗೆ ಒಂದು ಸ್ಕೂಟಿ ಓಡ್ಸಕ್ಕೆ ಬರಲ್ಲ!"

"ನಿನ್ನ ಟೀಚರಮ್ಮ ಅಂತಾರೆ! ನನ್ನ ಡ್ರೈವರಮ್ಮ ಅಂತಾರೆ!"

"ಡ್ರೈವರಮ್ಮನ ವಿಡಿಯೋ ಊರೆಲ್ಲಾ ನೋಡ್ತಾರೆ! ಟೀಚರಮ್ಮನ್ನ ಯಾರು ನೋಡ್ತಾರೆ?"

ಹಿಂದಿನ ಸೀಟಿನಿಂದ ಭಾವ ಮೆಲ್ಲಗೆ, "ಕಾಫಿ ಮಾಡ್ಕಂಡ್ ಬರ್ಲಾ?" ಎಂದರು.

"ಸುಮ್ನಿರಿ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದೆವು. ಆಮೇಲೆ ಅಕ್ಕ ನಕ್ಕಳೋ ನಾನು ನಕ್ಕೆನೋ ತಿಳಿಯದು. ಒಬ್ಬರದು ಶುರುವಾಗಿ ಇನ್ನೊಬ್ಬರಿಗೆ ಹತ್ತಿಕೊಂಡಿತು. ನಗುವ ಭರದಲ್ಲಿ ನನ್ನ ಹಣೆ ಮೇಲಿನ ತಗಡಿಗೆ ಠಣ್ಣೆಂದು ಬಡಿಯಿತು. ಕಣ್ಣಲ್ಲಿ ನೀರು ಬಂತು. ಅದು ಪೆಟ್ಟಿನ ನೀರು ಎಂದು ಅಕ್ಕನಿಗೆ ಹೇಳಿದೆ.

"ಬ್ಯಾಟರಿ ವೈರು ಬಿಚ್ಚಿ ಬಾ. ಸ್ಪ್ಯಾನರು ಕೊಡು" ಎಂದೆ.

"ಏನೂ ಕಾಣಲ್ಲ ಅಂದ್ಯಲ್ಲ?"

"ಈಗ ಕಾಣ್ತು."

ಅಕ್ಕ ಬಾನೆಟ್ಟು ಎತ್ತಿ ಬ್ಯಾಟರಿ ಬಿಚ್ಚಿದಳು. ನಾನು ಎರಡೂ ತಂತಿಗಳನ್ನು ತೆಗೆದು, ಕಪ್ಪಾದ ತುದಿ ಕತ್ತರಿಸಿ, ಹೊಸ ತುದಿ ಹಾಕಿ, ಕಡ್ಡಿಗಳನ್ನು ತಾಮ್ರ ಕೆಂಪಗೆ ಹೊಳೆಯುವವರೆಗೆ ಉಜ್ಜಿ, ನೆಟ್ಟುಗಳನ್ನು ಬಿಗಿದೆ. ಬ್ಯಾಟರಿ ಜೋಡಿಸಿ ದೀಪ ಹಾಕಿಸಿದೆ. ಚಾವಡಿಯ ಗೋಡೆಯ ಮೇಲೆ ಬೆಳಕು ಬೆಳ್ಳಗೆ ಬಿತ್ತು. ಹೊರಗೆ ಬಂದು ಕನ್ನಡಕ ತೆಗೆದು, ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದ ಭಾಷಣಕ್ಕೆ ಬಾಯಿ ತೆರೆದೆ.

"ಉಲ್ಟಾ ಹೋಗ್ತೈತೆ" ಎಂದಳು ಅಕ್ಕ.

"ಏನು?"

"ಮುಳ್ಳು. ಎಂಜಿನ್ ಆಫ್ ಮಾಡಿ ದೀಪ ಹಾಕಿದ್ರೆ ಎಡಕ್ಕೆ ಹೋಗ್ಬೇಕು. ಇದು ಬಲಕ್ಕೆ ಹೋಗೈತೆ. ವೈರು ಅದಲು ಬದಲು ಹಾಕಿದ್ದೀಯ ಟೀಚರಮ್ಮ."

ಹೌದು, ಹಾಕಿದ್ದೆ. ಎಷ್ಟು ಮಕ್ಕಳ ಉತ್ತರದಲ್ಲಿ ಈ ತಪ್ಪಿಗೆ ಕೆಂಪು ಗೀಟು ಎಳೆದಿದ್ದೆನೋ. ಭಾಷಣ ನುಂಗಿಕೊಂಡು ಮತ್ತೆ ಗೋಣಿಯ ಮೇಲೆ ಮಲಗಿದೆ.

ಎರಡನೇ ಸಲ ಸರಿಯಾಯಿತು. ಅಕ್ಕ ಎಂಜಿನ್ನು ಶುರು ಮಾಡಿ ಆಕ್ಸಿಲರೇಟರು ಒತ್ತಿದಳು. ಮುಳ್ಳು ಒಮ್ಮೆ ನಡುಗಿ, ಮೆಲ್ಲಗೆ ಬಲಕ್ಕೆ ಹೋಗಿ ನಿಂತಿತು. ನಾವಿಬ್ಬರೂ ಒಂದೇ ಗಾಜಿನ ಮುಂದೆ ತಲೆ ತಾಗಿಸಿಕೊಂಡು ಅದನ್ನು ನೋಡಿದೆವು. ಅಕ್ಕನ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಅವಳು ಸೆರಗಿನಲ್ಲಿ ಗಾಜಿನ ಧೂಳು ಒರೆಸಿದಳು. ಆಮೇಲೆ ಅಲ್ಲೇ ನಿಂತು ಮೈಸೂರಿನವನಿಗೆ ಫೋನು ಮಾಡಿ, "ಕೊಡಲ್ಲ ಕಣಪ್ಪ, ನಮ್ ತಂಗಿ ರಿಪೇರಿ ಮಾಡವ್ಳೆ" ಎಂದಳು. ಆ ಒಂದು ವಾಕ್ಯವನ್ನು ಇನ್ನೊಂದು ಸಲ ಹೇಳಿಸಬಹುದಿತ್ತು ಎನ್ನಿಸಿತು.

ಸಂಜೆ ನನ್ನನ್ನು ತುರುವೇಕೆರೆಗೆ ಕಾರಿನಲ್ಲೇ ಬಿಡುತ್ತೇನೆಂದು ಅಕ್ಕ ಹಟ ಹಿಡಿದಳು. ಎರಡೂ ಕಡೆ ತೆಂಗಿನ ತೋಟಗಳು ಓಡುತ್ತಿದ್ದವು. ಭಾವ ಹಿಂದೆ ನಿದ್ದೆ ಹೋಗಿದ್ದರು. ತಿಪಟೂರು ದಾಟಿದ ಮೇಲೆ ಅಕ್ಕ ರಸ್ತೆ ನೋಡುತ್ತಲೇ ಕೇಳಿದಳು.

"ಮೊದಲ್ನೇ ಸಲಕ್ಕೇ ಕಂಡಿತ್ತು ಅಲ್ವೇನೇ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ" ಎಂದೆ.

"ನಾನಾಗಿದ್ರೆ ಹೇಳ್ತಾನೇ ಇರ್ಲಿಲ್ಲ" ಎಂದು ಅಕ್ಕ ಗೇರು ಬದಲಾಯಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟು ಹಗುರಾಗಿ ಕ್ಷಮಿಸಿದಳು ಎಂದು ಅದಕ್ಕೂ ನನಗೆ ಒಂದು ಚೂರು ಕಿಚ್ಚಾಯಿತು.

ನಮ್ಮ ಬೀದಿಯಲ್ಲಿ ಕಾರು ನಿಂತದ್ದೇ ತಡ, ಎದುರು ಮನೆಯ ಸರ್ವಮಂಗಳಮ್ಮ ಓಡಿ ಬಂದರು. ಕಾರಿಗೆ ಒಂದು ಸುತ್ತು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು.

"ಏನ್ ಧೈರ್ಯ ಕಣ್ರೀ ನಿಮ್ದು! ವಿಡಿಯೋದಲ್ಲಿ ನೋಡಿದ್ದೆ. ಈಗ ಕಣ್ಣಾರೆ ನೋಡ್ದಂಗಾಯ್ತು."

ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನನ್ದೇನೈತೆ ಬುಡಿ. ಗಾಡಿ ಕೆಟ್ಟು ಕೂತಿತ್ತು. ಯಾವ ಮೆಕ್ಯಾನಿಕ್ಕಿಗೂ ಆಗದ್ದನ್ನ ಇವ್ಳು ಒಬ್ಳೇ ಮಲಗಿ, ಹಣೆ ಚಚ್ಕೊಂಡು ಸರಿ ಮಾಡಿದ್ಳು. ಇವ್ಳು ಇಲ್ದಿದ್ರೆ ಈ ಕಾರು ನಂಗೆ ಇರ್ತಾನೇ ಇರ್ಲಿಲ್ಲ."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಸರ್ವಮಂಗಳಮ್ಮ ನನ್ನ ಹಣೆಯ ಬುಗುಟನ್ನು ನೋಡಿದರು, ನನ್ನ ಚೀಲವನ್ನು ನೋಡಿದರು. ಆಮೇಲೆ ಅಕ್ಕನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ತೇವ ಮಾಡಿಕೊಂಡರು.

"ತಂಗಿನ ಎಷ್ಟು ಬಾಯ್ತುಂಬ ಹೊಗಳ್ತೀರ! ಎಂಥ ದೊಡ್ಡ ಮನಸ್ಸು ನಿಮ್ದು!"

ಬಂದವರಿಗೆ ಏನಾದರೂ ಮಾಡಬೇಕಲ್ಲ, ನಾನು ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಹೊರಗೆ ಅಕ್ಕನ ಸುತ್ತ ಜನ ಸೇರುವ ಸದ್ದು ಕೇಳಿಸುತ್ತಿತ್ತು. ರವೆ ಯಾಕೋ ಸ್ವಲ್ಪ ಹೆಚ್ಚೇ ಕೆಂಪಗಾಯಿತು.